ಸೋತವರ ಸಹಿ

ನಾನು ಬರೆದದ್ದರಲ್ಲಿ ಮೊದಲು ಅಚ್ಚಾದದ್ದು ಹದಿನಾರು ಪುಟದ ಒಂದು ಇಂಗ್ಲಿಷ್ ಪುಸ್ತಿಕೆ. ಹೊಸಪೇಟೆ, ಕಂಪ್ಲಿ, ಸಂಡೂರು ಮತ್ತು ಹಂಪಿ ಪಕ್ಕದ ಕಮಲಾಪುರ, ಈ ನಾಲ್ಕು ಊರಿನ ಶಾಲೆಗಳ ನಡುವೆ ವರ್ಷಕ್ಕೊಮ್ಮೆ ನಡೆಯುತ್ತಿದ್ದ ಬಾಲ್ ಬ್ಯಾಡ್ಮಿಂಟನ್ ಪಂದ್ಯಾವಳಿಯ ಇಪ್ಪತ್ತೈದು ವರ್ಷದ ಚರಿತ್ರೆ ಅದು. ಯಾವ ವರ್ಷ ಯಾರು ಗೆದ್ದರು, ಯಾರ ಮೇಲೆ ಗೆದ್ದರು, ಎಷ್ಟು ಪಾಯಿಂಟಿಗೆ ಎಂಬ ಪಟ್ಟಿ. ಪ್ರತಿ ವರ್ಷದ ಕೆಳಗೂ ನಾಲ್ಕಾರು ಸಾಲು ವಿವರ. ಬರೆಯುವ ಹೊತ್ತಿಗೆ ಆ ಆಟವನ್ನು ನಾನು ಅಂಗಳದ ಹತ್ತಿರ ನಿಂತು ಒಮ್ಮೆಯೂ ನೋಡಿರಲಿಲ್ಲ. ಹೆಂಗಸರು ಅಲ್ಲಿಗೆ ಹೋಗುವ ರೂಢಿ ಇರಲಿಲ್ಲ. ಶಾಲೆಯ ಹಿಂದಿನ ಓಣಿಯಲ್ಲಿ ಪರಿಚಯದವರ ಮಾಳಿಗೆಯಿಂದ ಹಳದಿ ಉಲ್ಲನ್ ಚೆಂಡು ನೆಟ್ಟಿನ ಮೇಲೆ ಏರಿ ಇಳಿಯುವುದು ಕಾಣುತ್ತಿತ್ತು. ಎಲ್ಲಿ ಬಿತ್ತು ಎಂಬುದು ಕಾಣುತ್ತಿರಲಿಲ್ಲ.

ಮದ್ರಾಸಿನಲ್ಲಿ ಬಿ.ಎ. ಮುಗಿಸಿ ನಾನು ಊರಿಗೆ ಬಂದು ಕೆಲವು ತಿಂಗಳಾಗಿತ್ತು. ಮುಂದೆ ಓದುವ ಮಾತು ಯುದ್ಧದ ನೆಪದಲ್ಲಿ ನಿಂತಿತ್ತು. ಅಪ್ಪ ಹೊಸಪೇಟೆಯ ಒಂದು ಶಾಲೆಯ ಹೆಡ್‌ಮಾಸ್ಟರರು. ಪಂದ್ಯಾವಳಿಯ ಸಮಿತಿಗೆ ಅಧ್ಯಕ್ಷರೂ ಅವರೇ. ಕಾರ್ಯದರ್ಶಿ ಅದೇ ಶಾಲೆಯ ಡ್ರಿಲ್ ಮಾಸ್ತರರು. ಅವರು ಒಂದು ಭಾನುವಾರ ಮನೆಗೆ ಬಂದು, ಬಗಲಲ್ಲಿದ್ದ, ಕ್ಯಾಲಿಕೊ ಬಟ್ಟೆ ಹೊದಿಸಿದ ರಟ್ಟಿನ ದಪ್ಪ ರಿಜಿಸ್ಟರನ್ನು ಕುರ್ಚಿಯ ಮೇಲಿಟ್ಟರು.

"ಸಾಹೇಬ್ರ, ಮನ್ಯಾಗ ಹಿಸ್ಟರಿ ಬಿ.ಎ. ಇಟಗೊಂಡು ನನ್ನ ಕೈಲಿ ಚರಿತ್ರೆ ಬರಸ್ತೀನಿ ಅಂತೀರಲ್ಲ? ನನ್ನ ಇಂಗ್ಲಿಷ್ ಲೆಫ್ಟ್ ರೈಟ್ ದಾಟಿ ಮುಂದ ಹೋಗಂಗಿಲ್ಲ."

"ಅಕಿನ್ನ ಕೇಳ್ರಿ," ಎಂದರು ಅಪ್ಪ, ಪತ್ರಿಕೆಯಿಂದ ತಲೆಯೆತ್ತದೆ.

ಒಂದು ಕೆಲಸ ಸಿಕ್ಕಿತೆಂಬ ಸಂತೋಷಕ್ಕೆ ನಾನು ಒಪ್ಪಿಕೊಂಡೆ. ಆ ರಿಜಿಸ್ಟರಿನಲ್ಲಿ ಏನಿದೆ ಎಂದು ಅಪ್ಪನಿಗೆ ಗೊತ್ತಿತ್ತು. ಬೇಡ ಎನ್ನಬಹುದಿತ್ತು, ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ಆಮೇಲೆ ಬಹಳ ಯೋಚಿಸಿದ್ದೇನೆ.

ಶಾಲೆಗಳ ಹೆಸರಿನಲ್ಲಿ ನಡೆದರೂ ಆಡುತ್ತಿದ್ದವರು ಹುಡುಗರಲ್ಲ, ಮಾಸ್ತರರು ಮತ್ತು ಹಳೆಯ ವಿದ್ಯಾರ್ಥಿಗಳು. ಒಂದು ಕಡೆಗೆ ಐದು ಜನ. ಇಪ್ಪತ್ತೊಂಬತ್ತು ಪಾಯಿಂಟು ಮೊದಲು ಮುಟ್ಟಿದವರಿಗೆ ಒಂದು ಆಟ. ಮೂರರಲ್ಲಿ ಎರಡು ಆಟ ಗೆದ್ದವರಿಗೆ ಪಂದ್ಯ. ಅಂಗಳದ ಸುತ್ತ ಸುಣ್ಣದ ಗೆರೆ. ಚೆಂಡು ಗೆರೆಯನ್ನು ಸೋಕಿದರೂ ಒಳಗೆ ಬಿದ್ದ ಲೆಕ್ಕ.

ಗೆದ್ದವರಿಗೆ ಕೊಡುತ್ತಿದ್ದದ್ದು ಬೀಟೆ ಮರದ ಒಂದು ಷೀಲ್ಡು. ಕೊಟ್ಟವರು ಹೊಸಪೇಟೆಯ ಒಬ್ಬ ಜವಳಿ ವ್ಯಾಪಾರಿ. ಅವರು ಒಂದು ಪಂದ್ಯವನ್ನೂ ನೋಡಿದವರಲ್ಲವಂತೆ. ನಡುವೆ ಹಿತ್ತಾಳೆಯ ಸೂರ್ಯ, ಸುತ್ತ ವೀಳ್ಯದೆಲೆಯಾಕಾರದ ಸಣ್ಣ ಬೆಳ್ಳಿ ತಗಡುಗಳು, ವರ್ಷಕ್ಕೊಂದು. ಮೊದಲ ವರ್ಷವೇ ಸಂಡೂರಿನವರೂ ಹೊಸಪೇಟೆಯವರೂ ತಾವೇ ಗೆದ್ದೆವೆಂದು ಷೀಲ್ಡಿನ ಒಂದೊಂದು ಮಗ್ಗುಲು ಹಿಡಿದು ಸಂಜೆಯವರೆಗೆ ನಿಂತಿದ್ದರಂತೆ. ಅಂದೇ ಒಂದು ನಿಯಮ ಮಾಡಿ ರಿಜಿಸ್ಟರಿನ ಮೊದಲ ಪುಟದಲ್ಲಿ ಬರೆದರು: ಸೋತ ತಂಡದ ನಾಯಕ ಸ್ಕೋರಿನ ಕೆಳಗೆ ಸಹಿ ಹಾಕಿದ ಮೇಲೆಯೇ ಫಲಿತಾಂಶ. ಸಹಿ ಬಿದ್ದ ಮೇಲೆಯೇ ತಗಡಿನ ಮೇಲೆ ಊರಿನ ಹೆಸರು ಕೆತ್ತಿಸುವುದು. ಬೇರೆ ಯಾವ ಪಂದ್ಯಾವಳಿಯಲ್ಲೂ ಇಂಥ ನಿಯಮವಿದ್ದದ್ದು ನನಗೆ ಗೊತ್ತಿಲ್ಲ. ನಮ್ಮ ಕಡೆಯವರಿಗೆ ಅದರ ಬಗ್ಗೆ ಹೆಮ್ಮೆಯಿತ್ತು.

ಓದುತ್ತ ಹೋದಂತೆ ರಿಜಿಸ್ಟರು ನನಗೆ ಹಿಡಿಸಿತು. ಸಂಡೂರಿನವರು ಒಂದರ ಹಿಂದೊಂದು ಮೂರು ವರ್ಷ ಗೆದ್ದಿದ್ದರು. ಮೂರನೆಯ ಸಲ ಷೀಲ್ಡನ್ನು ಅದಿರಿನ ಗಾಡಿಯಲ್ಲಿ ಹಾಕಿಕೊಂಡು ಹೋಗಿ, ವರ್ಷದ ಮೇಲೆ ಹಿಂತಿರುಗಿಸುವಾಗ ಅದು ಕೆಂಪು ಧೂಳಿನಲ್ಲಿ ಗುರುತು ಸಿಗದಂತಾಗಿತ್ತೆಂದು ಯಾರೋ ಅಂಚಿನಲ್ಲಿ ದೂರು ಬರೆದಿದ್ದರು. ಕಮಲಾಪುರದವರು ಗೆದ್ದದ್ದು ಒಂದೇ ಸಲ. ಅವರು ಅಭ್ಯಾಸ ಮಾಡುತ್ತಿದ್ದದ್ದು ಹಂಪಿಯಲ್ಲಿ ಕಲ್ಲುಗೋಡೆಗಳ ಮರೆಯ ಒಂದು ಬಯಲಿನಲ್ಲಿ. ಅಲ್ಲಿ ಗಾಳಿಯಿಲ್ಲ. ಉಲ್ಲನ್ ಚೆಂಡು ಗಾಳಿ ಹೇಳಿದಂತೆ ಕೇಳುತ್ತದೆ. ಆದ್ದರಿಂದ ಹೊಸಪೇಟೆಯ ತೆರೆದ ಅಂಗಳಕ್ಕೆ ಬಂದಾಗೆಲ್ಲ ಅವರ ಹೊಡೆತ ಗೆರೆ ದಾಟುತ್ತಿತ್ತು. ಎಲೆ ಅಲುಗದಂಥ ಒಂದು ಮಧ್ಯಾಹ್ನ ಅವರದಾಯಿತು. ಇನ್‌ಫ್ಲುಯೆಂಜಾ ಬಂದ ವರ್ಷದ ಪುಟದಲ್ಲಿ ಇದ್ದದ್ದು ಎರಡೇ ಪದ: 'ಆಡುವವರು ಇಲ್ಲ.' ಯುದ್ಧ ಶುರುವಾಗಿ ಮದ್ರಾಸಿನಿಂದ ಚೆಂಡು ಬರುವುದು ನಿಂತಾಗ ಇಲ್ಲಿಯ ಕುರಿ ಉಣ್ಣೆಯಿಂದಲೇ ಸುತ್ತಿಸಿದ ಚೆಂಡಿನಲ್ಲಿ ಆಡಿದ್ದರು. ಅದು ಭಾರವಾಗಿ ಎರಡು ಬ್ಯಾಟಿನ ತಂತಿ ಹರಿದವೆಂದೂ, ಹೊಸಪೇಟೆ ಗೆದ್ದಿತೆಂದೂ ಬರೆದಿತ್ತು.

ಕಂಪ್ಲಿ ಐದು ಸಲ ಫೈನಲ್ಲಿಗೆ ಬಂದಿತ್ತು. ಗೆದ್ದವರ ಸಾಲಿನಲ್ಲಿ ಅದರ ಹೆಸರು ಎಲ್ಲಿಯೂ ಇರಲಿಲ್ಲ.

ಒಂದು ಪುಟ ಮಾತ್ರ ಬೇರೆ ರೀತಿ ಇತ್ತು. ನಾನು ಹುಟ್ಟುವುದಕ್ಕೆ ಮುಂಚಿನ ವರ್ಷದ್ದು. ಕಂಪ್ಲಿ ಮತ್ತು ಹೊಸಪೇಟೆ. ಎರಡು ಆಟ ಸಮ. ಮೂರನೆಯದರಲ್ಲಿ ಇಪ್ಪತ್ತೊಂಬತ್ತು–ಇಪ್ಪತ್ತೆಂಟು, ಕಂಪ್ಲಿಗೆ. ಕೆಳಗೆ ಅಂಪೈರ್ ಸಹಿ ಇತ್ತು. ಅವರು ಸಂಡೂರಿನ ಒಬ್ಬ ಹಿರಿಯ ಮಾಸ್ತರರು, ನಾನು ಬರೆಯುವ ಹೊತ್ತಿಗೆ ತೀರಿಹೋಗಿದ್ದರು. ಕಂಪ್ಲಿಯ ನಾಯಕನ ಸಹಿ ಇತ್ತು, ದುಂಡಗೆ, ದೊಡ್ಡದಾಗಿ. ಸೋತ ನಾಯಕನ ಜಾಗ ಖಾಲಿ.

ಕಂಪ್ಲಿಯ ನಾಯಕ ನನ್ನ ಸೋದರಮಾವ, ಅವ್ವನ ಅಣ್ಣ. ಹೊಸಪೇಟೆಯ ನಾಯಕ ಅಪ್ಪ.

ಮಾವನಿಗೂ ಅಪ್ಪನಿಗೂ ನೇರ ಮಾತಿಲ್ಲವೆಂಬುದು ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಕಾರಣ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪ್ರತಿ ನಾಗರ ಪಂಚಮಿಗೆ ಮಾವ ತಂಗಿಯನ್ನು ಕರೆದೊಯ್ಯಲು ಕಂಪ್ಲಿಯಿಂದ ಬರುತ್ತಿದ್ದ. ಬಾಗಿಲ ಹೊರಗೆ ಕಟ್ಟೆಯ ಹತ್ತಿರ ನಿಲ್ಲುತ್ತಿದ್ದ, ಒಳಗೆ ಬರುತ್ತಿರಲಿಲ್ಲ.

"ತಂಗಿ, ಮಾಸ್ತರಿಗೆ ಹೇಳವ್ವ, ಐದು ದಿನಕ್ಕ ತಂದು ಬಿಡ್ತೀನಿ ಅಂತ."

ಹತ್ತು ಅಡಿ ದೂರದ ಕುರ್ಚಿಯಿಂದ ಅಪ್ಪ, "ಎಂಟು ದಿನ ಇದ್ರೂ ನಡೀತದ ಅಂತ ಹೇಳು," ಎನ್ನುತ್ತಿದ್ದರು.

ಅವ್ವ ಎರಡನ್ನೂ ಮತ್ತೆ ಹೇಳುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ಗಂಟು ಎತ್ತಿಕೊಂಡು ಹೊರಡುತ್ತಿದ್ದಳು. ಇಬ್ಬರಲ್ಲಿ ಒಬ್ಬರೂ ಇನ್ನೊಬ್ಬರ ಬಗ್ಗೆ ಕೆಟ್ಟ ಮಾತಾಡಿದ್ದನ್ನು ನಾನು ಕೇಳಿಲ್ಲ.

ಆ ವರ್ಷದ ಪಂಚಮಿಗೆ ನಾನೂ ಕಂಪ್ಲಿಗೆ ಹೋದೆ, ನೋಟ್‌ಬುಕ್ಕು ಹಿಡಿದು. ಮಾವನದು ಊರಂಚಿನಲ್ಲಿ ಭತ್ತದ ಗಿರಣಿ. ಗಿರಣಿಯ ಮುಂದಿನ ಪಡಸಾಲೆಯಲ್ಲಿ ಕೂಡಿಸಿ, ಅತ್ತೆಯ ಕೈಯಿಂದ ಎಳ್ಳುಂಡೆ ಕೊಡಿಸಿ, ಅವನು ಆ ದಿನದ ಆಟವನ್ನು ಮೊದಲಿನಿಂದ ಹೇಳಿದ. ನಾನು ಬರೆದುಕೊಂಡೆ.

"ಇಪ್ಪತ್ತೆಂಟು ಇಪ್ಪತ್ತೆಂಟು ಆಗೇತಿ. ಜನ ಉಸಿರ ಬಿಡವಲ್ರು. ನಾ ಹಿಂದಿನ ಮೂಲಿಗೆ ಇಳಿಸಿ ಹೊಡದೆ. ಅಲ್ಲಿ ನಿಮ್ಮಪ್ಪ ಒಬ್ಬರ ಇದ್ರು. ಗೆರಿ ಮ್ಯಾಲ ಬಿತ್ತು ಅವ್ವಿ, ನಾ ನೋಡೀನಿ. ಅಂಪೈರ್ ಸೀಟಿ ಊದಿದ್ರು. ನಮ್ಮವರೆಲ್ಲ ಓಡಿ ಬಂದು ನನ್ನ ಎತ್ತಿದ್ರು. ಎತ್ತಿದವ್ರು ಹಂಗ ಇಳಿಸಿಬಿಟ್ರು. ಯಾಕ ಅಂತ ನೋಡ್ತೀನಿ, ನಿಮ್ಮಪ್ಪ ಚೆಂಡ ಕೈಯಾಗ ಹಿಡಕೊಂಡು 'ಹೊರಗ' ಅಂತ ನಿಂತಾರ."

"ಅಂಪೈರ್ ಏನೂ ಹೇಳಲಿಲ್ಲವೇ?"

"ಒಳಗ ಅಂತ ಬರದ್ರು. ಬರದ್ರ ಏನಾತು? ಸಹಿ ಹಾಕಬೇಕಲ್ಲ. ಷೀಲ್ಡ್ ಒಂದು ವರ್ಷ ನಿಮ್ಮ ಶಾಲಿ ಕಪಾಟಿನ್ಯಾಗ ಕುಂತಿತು."

ಅತ್ತೆ ಒಳಗಿಂದ, "ಇನ್ನ ಇಪ್ಪತ್ತು ಸಲ ಹೇಳ್ರಿ, ಚೆಂಡು ಇನ್ನೂ ಒಳಗ ಬರ್ತತಿ," ಎಂದಳು.

ಮಾವ ನಕ್ಕ. ಆಮೇಲೆ ಧ್ವನಿ ತಗ್ಗಿಸಿ ಹೇಳಿದ. "ನಾ ಹಿಂಗ ತಿಳಕೊಂಡೀನಿ. ಅವರಿಗೆ ಹೊರಗ ಕಂಡಿತು. ಕಣ್ಣು ತಪ್ಪು ಮಾಡ್ತದ. ಸುಳ್ಳು ಹೇಳೋ ಮನಷ್ಯಾ ಆಗಿದ್ರ ನನ್ನ ತಂಗೀನ ಅವರ ಮನ್ಯಾಗ ಬಿಡ್ತಿದ್ದೇನು? ಆದ್ರ ಕಂಪ್ಲಿ ಹೆಸರು ಒಂದ ಸಲ ಬರಬೇಕವ್ವ. ನಾವು ಐದು ಮಂದಿ ಆಡಿದ್ವಿ. ಈಗ ಮೂರು ಮಂದಿ ಉಳದೀವಿ. ನೀ ಬರಿಯಾಕಿ ಅಂದ ಮ್ಯಾಲ ನನಗ ಚಿಂತಿಲ್ಲ."

ಅಷ್ಟು ಹೊತ್ತೂ ನಾನು ಒಂದು ಮಾತನ್ನೂ ಬಿಡದೆ ಬರೆದುಕೊಳ್ಳುತ್ತಿದ್ದೆ. ಅವನು ಹೇಳಿದ್ದೆಲ್ಲ ಹಾಗೆಯೇ ಅಚ್ಚಾಗುತ್ತದೆಂದು ನನ್ನ ಪೆನ್ಸಿಲು ಅವನಿಗೆ ಮಾತು ಕೊಡುತ್ತಿದೆಯೆಂದು ನನಗೆ ಹೊಳೆದಾಗ ತಡವಾಗಿತ್ತು. "ನೋಡೋಣ ಮಾವ," ಎಂದೆ. ಅಷ್ಟೇ ಎಂದೆ. ಬೇರೆಯವರಾಗಿದ್ದರೆ ಅದರಲ್ಲಿ ಅನುಮಾನ ಕೇಳಿಸುತ್ತಿತ್ತು. ಮಾವನಿಗೆ ಕೇಳಿಸಲಿಲ್ಲ.

ಊರಿಗೆ ಬಂದ ಮೇಲೆ ಮೊದಲು ಅವ್ವನನ್ನು ಕೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಚೆಂಡು ಎಲ್ಲಿ ಬಿತ್ತು ಅಂತ ನಾ ಇಷ್ಟು ವರ್ಷ ಕೇಳಿಲ್ಲ. ಕೇಳಿದ್ರ ಇಬ್ಬರಾಗ ಒಬ್ಬರು ಸುಳ್ಳಾಗ್ತಾರ. ಒಬ್ಬರು ಗಂಡ, ಒಬ್ಬ ಅಣ್ಣ. ನೀನೂ ಕೇಳಬ್ಯಾಡ."

ನಾನು ಕೇಳಿದೆ. ಚರಿತ್ರೆ ಓದಿದವಳು, ಎರಡೂ ಕಡೆಯ ಹೇಳಿಕೆ ಇರಬೇಕೆಂದು ಕಲಿತವಳು. ಮಧ್ಯಾಹ್ನ ಅಪ್ಪ ಪಡಸಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದರು. ರಿಜಿಸ್ಟರಿನ ಆ ಪುಟ ತೆರೆದು ಅವರ ಮುಂದಿಟ್ಟು, "ಈ ವರ್ಷಕ್ಕೆ ಏನು ಬರೆಯಲಿ?" ಎಂದೆ.

ಅಪ್ಪ ಪುಟವನ್ನು ಓದಲು ಹೋಗಲಿಲ್ಲ. ಒಮ್ಮೆ ನೋಡಿ ಕನ್ನಡಕ ತೆಗೆದಿಟ್ಟರು.

"ಏನಂದ ನಿಮ್ಮ ಮಾವ?"

"ಗೆರೆಯ ಮೇಲೆ ಬಿತ್ತಂತೆ. ನಿಮಗೆ ಹೊರಗೆ ಕಂಡಿರಬೇಕಂತೆ."

"ಹಂಗ ಅಂದನೇನು?" ಎಂದು ತಿದ್ದುತ್ತಿದ್ದ ಪೇಪರನ್ನು ಪಕ್ಕಕ್ಕಿಟ್ಟರು. ಮತ್ತೆ ಮಾತಾಡಿದಾಗ ಅವರ ಧ್ವನಿ ಪಾಠ ಹೇಳುವವರ ಧ್ವನಿಯಂತೆಯೇ ಇತ್ತು, ಒಂದೊಂದು ಪದ ಬಿಡಿಸಿ. "ಚೆಂಡು ಎತ್ತಿಕೊಂಡೆ. ಉಲ್ಲನ್ನಿಗೆ ಸುಣ್ಣ ಹತ್ತಿತ್ತು, ಒಂದು ಬೆರಳಷ್ಟು. ಹೆಬ್ಬೆಟ್ಟಿಲೆ ಒರಿಸಿದೆ. ಬೇಕಂತ ಒರಿಸಿದ್ನೋ, ಕೈ ತಾನ ಹೋತೋ, ಅದು ಇವತ್ತಿಗೂ ಗೊತ್ತಿಲ್ಲ. ಆಮ್ಯಾಲೆ ಹೊರಗ ಅಂದೆ. ಅದು ಮಾತ್ರ ಬೇಕಂತನ ಅಂದದ್ದು."

ನಾನು ಅವರ ಹೆಬ್ಬೆಟ್ಟನ್ನೇ ನೋಡಿದೆ.

"ಮದುವಿಯಾಗಿ ಎರಡನೇ ವರ್ಷ. ಬೀಗರ ಊರಿಗೆ ಊರ ಬಂದು ನಿಂತಿತ್ತು. ಒಂದು ಪಾಯಿಂಟಿನಾಗ ಸೋಲೋದು... ಒಂದು ಸಲ ಅಂದ ಮ್ಯಾಲ ಹಿಂದಕ್ಕ ತಗೊಳ್ಳೋದು ಹೆಂಗ? ಅವತ್ತು ಆಗಲಿಲ್ಲ. ಮರುದಿನ ಆಗಲಿಲ್ಲ."

"ಈಗ ಸಹಿ ಹಾಕಬಹುದಲ್ಲ ಅಪ್ಪ? ಯಾವಾಗ ಹಾಕಬೇಕು ಅಂತ ನಿಯಮದಲ್ಲಿ ಇಲ್ಲ. ನಾನು ನೋಡಿದ್ದೇನೆ."

ನಿಯಮದ ಮಾತು ಕೇಳಿ ಅವರ ತುಟಿಯಲ್ಲಿ ನಗುವಿನಂಥದೊಂದು ಬಂತು. ಮುಂದಿದ್ದ ಪೇಪರುಗಳ ಕಟ್ಟನ್ನು ಸರಿಪಡಿಸಿದರು. "ಸುಳ್ಳು ಹೇಳಿದ ಹುಡುಗನ್ನ ನಾ ಬೆಂಚಿನ ಮ್ಯಾಲ ನಿಲ್ಲಸ್ತೀನಿ. ಇಪ್ಪತ್ತು ವರ್ಷದಿಂದ ನಿಲ್ಲಿಸೀನಿ. ಈಗ ನಾ ಸಹಿ ಹಾಕಿ ಸೋಮವಾರ ಅದ ಕ್ಲಾಸಿಗೆ ಹೆಂಗ ಹೋಗಲಿ, ಹೇಳು?" ಎಂದರು. ಆಮೇಲೆ, "ಇದು ನಿನಗ ಹೇಳಿದ್ದು. ಪುಸ್ತಕಕ್ಕಲ್ಲ," ಎಂದು ಕನ್ನಡಕ ಹಾಕಿಕೊಂಡರು.

ಯಾರಿಗೂ ಹೇಳದಿದ್ದದ್ದನ್ನು ಅವರು ನನಗೆ ಹೇಳಿದ್ದರು. ಹಾಗೆ ಹೇಳಿ ನನ್ನ ಕೈ ಕಟ್ಟಿಹಾಕಿದ್ದರು. ಎರಡೂ ನಿಜ. ಆ ಸಂಜೆ ನನಗೆ ಅಪ್ಪನ ಮೇಲೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು, ಏನಾದರೂ ಮಾಡಬಹುದಿತ್ತು.

ಆ ವರ್ಷದ ವಿವರವನ್ನು ಆರು ಸಲ ಬರೆದು ಹರಿದೆ. ಕೊನೆಗೆ ರಿಜಿಸ್ಟರಿನಲ್ಲಿ ಇದ್ದದ್ದನ್ನು ಮಾತ್ರ ಬರೆದೆ: 'ಅಂಪೈರ್ ಕೊನೆಯ ಪಾಯಿಂಟನ್ನು ಕಂಪ್ಲಿಗೆ ಕೊಟ್ಟರು. ಹೊಸಪೇಟೆಯ ನಾಯಕರು ಸಹಿ ಹಾಕಲಿಲ್ಲ.' ಅಪ್ಪ ಹೇಳಿದ ಒಂದು ಮಾತೂ ಅದರಲ್ಲಿಲ್ಲ. ಯಾರು ಬೇಕಾದರೂ ರಿಜಿಸ್ಟರು ತೆರೆದು ನೋಡಬಹುದಾದಷ್ಟೇ. ಎರಡು ವಾಕ್ಯ ಅಕ್ಕಪಕ್ಕ ಇದ್ದರೆ ಓದುವವರಿಗೆ ಅರ್ಥವಾದೀತು, ಮಾವನಿಗೂ ಅಷ್ಟು ಸಿಕ್ಕಂತಾದೀತು ಎಂದುಕೊಂಡೆ. ನನ್ನ ಕೈಲಿ ಆಗುವುದು ಅಷ್ಟೇ ಇತ್ತು.

ಡ್ರಿಲ್ ಮಾಸ್ತರರು ಹಸ್ತಪ್ರತಿ ತೆಗೆದುಕೊಂಡು ಹೋದರು. ಮುಂದಿನ ವಾರ ಮತ್ತೆ ಬಂದರು. ಬಾಗಿಲಲ್ಲಿ ನಿಂತೇ ಚಪ್ಪಲಿ ಬಿಡುತ್ತ ಹಾಕುತ್ತ ಇದ್ದರು.

"ಭಾಳ ಚಲೋ ಬರದೀರಿ ತಂಗಿ. ಅಧ್ಯಕ್ಷರು ಒಂದ ಕಡೆ ಸ್ವಲ್ಪ ಸಣ್ಣದು ಮಾಡ್ಯಾರ. ಅಷ್ಟ."

"ಯಾವ ಕಡೆ?" ಎಂದು ಕೇಳಿದೆ, ಗೊತ್ತಿದ್ದೂ.

"ಅದ ರೀ... ನಮಗ್ಯಾಕ ಬಿಡ್ರಿ ಅದು. ನಾನೂ ಅವತ್ತು ಅಲ್ಲಿದ್ದಿಲ್ಲ, ನೀವೂ ಇದ್ದಿಲ್ಲ."

ಬಳ್ಳಾರಿಯ ಪ್ರೆಸ್ಸಿನಿಂದ ಕರಡು ಬಂತು. ನನ್ನ ಎರಡು ವಾಕ್ಯದ ಜಾಗದಲ್ಲಿ ಎರಡು ಇಂಗ್ಲಿಷ್ ಪದವಿದ್ದವು. ಕನ್ನಡದಲ್ಲಿ ಹೇಳಿದರೆ, 'ಫಲಿತಾಂಶವಿಲ್ಲ.' ಗೆದ್ದವರ ಅಂಕಣದಲ್ಲಿ ಒಂದು ಸಣ್ಣ ಗೆರೆ. ಉಳಿದ ಪುಟಗಳಲ್ಲಿ ಅಪ್ಪ ಒಂದು ಕಾಮಾವನ್ನೂ ಮುಟ್ಟಿರಲಿಲ್ಲ. ನಾನು ಕರಡು ತಿದ್ದಿದೆ. ಆ ಸಾಲಿನಲ್ಲಿ ತಿದ್ದುವ ತಪ್ಪು ಇರಲಿಲ್ಲ.

ಪುಸ್ತಿಕೆ ಬಂದ ಮೇಲೆ ಅಪ್ಪ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟು, "ಕಂಪ್ಲಿಗೂ ಒಂದು ಕೊಟ್ಟು ಬಾ," ಎಂದರು. ಅಂಚೆಯಲ್ಲಿ ಕಳಿಸಬಹುದಿತ್ತು. ಅವರು ಅದನ್ನು ಹೇಳಲಿಲ್ಲ, ನಾನೂ ಹೇಳಲಿಲ್ಲ. ಪೆಟ್ರೋಲು ಸಿಗದೆ ಇದ್ದಲ ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು ಎರಡು ಕಡೆ ನಿಂತು, ಜನ ಇಳಿದು ನೂಕಿ, ಕಂಪ್ಲಿ ಮುಟ್ಟುವಾಗ ಮಧ್ಯಾಹ್ನ ತಿರುಗಿತ್ತು. ಮಾವನ ಕೈಗೆ ಅದನ್ನು ಕೊಟ್ಟು ಅವನು ತೆರೆಯುವ ಮೊದಲೇ ಏಕಾಂತದಲ್ಲಿ ಹೇಳಿಬಿಡಬೇಕೆಂದು ದಾರಿಯುದ್ದಕ್ಕೂ ವಾಕ್ಯ ಜೋಡಿಸಿದ್ದೆ.

ಮಾವ ಒಬ್ಬನೇ ಇರಲಿಲ್ಲ. ಪಡಸಾಲೆಯಲ್ಲಿ ಚಾಪೆ ಹಾಸಿತ್ತು. ಐವರಲ್ಲಿ ಉಳಿದ ಇನ್ನಿಬ್ಬರು, ಬಟ್ಟೆ ಅಂಗಡಿಯವರೊಬ್ಬರು, ಕಬ್ಬಿನ ತೋಟದವರೊಬ್ಬರು, ತೊಳೆದ ಅಂಗಿ ತೊಟ್ಟು ಹಣೆಗೆ ವಿಭೂತಿ ಹಚ್ಚಿಕೊಂಡು ಕುಳಿತಿದ್ದರು. ನಾನು ಬರುವುದನ್ನು ಅವ್ವ ಮೊದಲೇ ಹೇಳಿ ಕಳಿಸಿದ್ದಳು.

"ಬಂದ್ಲು ನೋಡ್ರಿ ನಮ್ಮ ಬಿ.ಎ.," ಎಂದ ಮಾವ. "ಕುಂದ್ರವ್ವ. ನೀನ ಓದಿ ಕನ್ನಡದಾಗ ಹೇಳು. ನಾ ಓದಿದ್ರ ಇವರು ನಂಬಂಗಿಲ್ಲ."

"ನಿನ್ನ ಇಂಗ್ಲಿಷ್ ನಾಕನೇ ಫಾರಮ್ಮಿಗೆ ಹೊಳಿ ಪಾಲಾತಲ್ಲೋ," ಎಂದರು ತೋಟದವರು.

"ಮಾವ, ಮೊದಲು ಒಂದು ಮಾತು..."

"ಮಾತು ಆಮ್ಯಾಲ. ಮೊದಲು ಓದು."

ಅತ್ತೆ ಬಾಗಿಲಿಗೆ ಬಂದು ನಿಂತಳು. ನಾನು ಓದತೊಡಗಿದೆ. ಮೊದಲ ವರ್ಷದ ಷೀಲ್ಡಿನ ಎಳೆದಾಟಕ್ಕೆ ಮೂವರೂ ನಕ್ಕರು. ಸಂಡೂರಿನ ಅದಿರಿನ ಗಾಡಿಗೆ ಇನ್ನೂ ಹೆಚ್ಚು ನಕ್ಕರು. ಇನ್‌ಫ್ಲುಯೆಂಜಾದ ವರ್ಷಕ್ಕೆ ಅಂಗಡಿಯವರು ಬೆರಳು ಮಡಿಸುತ್ತ ಯಾರನ್ನೋ ನೆನೆಸಿಕೊಂಡರು. ಆ ವರ್ಷ ಬಂತು. ಮಾವ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿದ.

"ಕಂಪ್ಲಿ ಮತ್ತು ಹೊಸಪೇಟೆ," ಎಂದು ಓದಿದೆ. "ಫಲಿತಾಂಶವಿಲ್ಲ."

"ಮುಂದ?" ಎಂದರು ತೋಟದವರು.

"ಅಷ್ಟೇ ಇದೆ."

ಗಿರಣಿಯ ಸದ್ದು ಮೊದಲಿನಂತೆಯೇ ಇತ್ತು. ಅಂಗಡಿಯವರು ಪುಸ್ತಿಕೆಯತ್ತ ಕೈ ಚಾಚಿ, ಇಂಗ್ಲಿಷ್ ಓದಲು ಬರುವುದಿಲ್ಲವೆಂಬುದು ನೆನಪಾಗಿ ಹಿಂದೆ ತೆಗೆದುಕೊಂಡರು. ನಾನು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದೇನೆ, ನಾನು ಬೇರೆ ರೀತಿ ಬರೆದಿದ್ದೆ ಎಂದೆಲ್ಲ ಹೇಳಬೇಕೆಂದಿದ್ದೆ. ಹೇಳಿದರೆ ತಿದ್ದಿದವರು ಯಾರು ಎಂಬ ಪ್ರಶ್ನೆ ಬರುತ್ತಿತ್ತು.

"ನಿಂತ್ಯಾಕವ್ವ? ಮುಂದಿಂದು ಓದು," ಎಂದ ಮಾವ.

ಓದಿದೆ. ಹೊಸಪೇಟೆ. ಅದರ ಮುಂದಿನದು ಸಂಡೂರು. ಈಗ ಯಾರೂ ನಗಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಕೊನೆಯ ವರ್ಷದವರೆಗೆ ಮೂವರೂ ಕೂತು ಕೇಳಿದರು. ಮುಗಿದ ಮೇಲೆ ಮಾವ ಪುಸ್ತಿಕೆಯನ್ನು ತೆಗೆದುಕೊಂಡು ಆ ಪುಟವನ್ನು ತಾನೇ ಹುಡುಕಿದ. ಗೆದ್ದವರ ಅಂಕಣದ ಗೆರೆಯ ಮೇಲೆ ಬೆರಳಿಟ್ಟುಕೊಂಡು ಕೇಳಿದ.

"ನೀ ನಿಮ್ಮಪ್ಪನ್ನ ಕೇಳಿದ್ದೇನು?"

"ಕೇಳಿದೆ ಮಾವ."

"ಈಗ್ಲೂ ಹೊರಗ ಅಂತಾರೇನು?"

ಇಬ್ಬರು ಗೆಳೆಯರೂ ನನ್ನನ್ನೇ ನೋಡುತ್ತಿದ್ದರು. ಅವರ ಹಿಂದೆ ಅತ್ತೆ. ಎಲ್ಲರಿಗೂ ನಾನು ನಿಜವನ್ನೇ ಹೇಳುವವಳೆಂದು ಗೊತ್ತಿತ್ತು; ನಾನು ಚಿಕ್ಕವಳಿದ್ದಾಗಿನಿಂದ ನಮ್ಮ ಎರಡೂ ಮನೆಗಳಲ್ಲಿ ನನ್ನ ಬಗ್ಗೆ ಹೇಳುತ್ತಿದ್ದ ಹೊಗಳಿಕೆ ಅದೊಂದೇ.

"ಹೌದು," ಎಂದೆ. "ಹೊರಗೆ ಬಿತ್ತು ಅಂತಾರೆ."

ಮಾವ ಪುಸ್ತಿಕೆಯನ್ನು ಮುಚ್ಚಿದ. "ಹಂಗಾದ್ರ ಅವರಿಗೆ ಖರೇನ ಹಂಗ ಕಂಡಿರಬೇಕು," ಎಂದ. ಅಂಗಡಿಯವರು ತಲೆಯಾಡಿಸಿದರು. ನಾನೂ ಆಡಿಸಿದೆ.